ಅರ್ಧ ಬಿಡುಗಡೆಯಾದ ದೋಣಿ

ರೆಕ್ಕೆ ಮುರಿದ ಪರದೇಶದ ಕಡಲಹಕ್ಕಿಯೊಂದು, ತನ್ನ ಗುಂಪು ಮೇಲೆ ಹಾರುತ್ತಿದ್ದರೆ ಕೆಳಗೆ ಮೀನುದೋಣಿಗೆ ಹುಟ್ಟುಹಾಕುತ್ತಾ ಒಂದು ಅಳಿವೆಗೆ ಬಂದಿತ್ತು. ಗುಂಪು ಸ್ವದೇಶಕ್ಕೆ ಮರಳುವ ಹಿಂದಿನ ದಿನ, ಪರವಾನಗಿಯಿಲ್ಲದೆ ಮೀನು ಹಿಡಿದಿದೆಯೆಂದು ಅಲ್ಲಿಯ ಅಧಿಕಾರಿಗಳು ದೋಣಿಯನ್ನು ಗೂಟಕ್ಕೆ ಕಟ್ಟಿಹಾಕಿದರು.

ಹಕ್ಕಿ ಮರಳಿನ ಅಧಿಕಾರಿಯಾದ ಏಡಿಯ ಬಳಿ ಹೋಯಿತು. "ಸ್ವಾಮಿ, ನಾಳೆ ನಮ್ಮವರೆಲ್ಲ ಹೊರಡುತ್ತಾರೆ. ನನಗೆ ಹಾರಲಾಗದು. ದಯವಿಟ್ಟು ದೋಣಿ ಬಿಟ್ಟುಕೊಡಿ."

"ಕಣ್ಣು ಕಾಣುವುದಿಲ್ಲವೇನ್ರೀ? ದೋಣಿ ತೇಲುತ್ತಿದೆ. ನೀರು ನೀರುನಾಯಿಯವರ ವ್ಯಾಪ್ತಿ."

ಹಕ್ಕಿ ಬಂಡೆಯಾಚೆಗಿದ್ದ ನೀರುನಾಯಿಯ ಬಳಿಗೆ ನಡೆದು ಮುಟ್ಟುವಷ್ಟರಲ್ಲಿ ಇಳಿತ ಬಂದಿತ್ತು.

"ದೋಣಿ ಮರಳಿನ ಮೇಲೆ ಕೂತಿದೆಯಲ್ಲ! ಏಡಿಯವರನ್ನೇ ಕೇಳಿ" ಎಂದಿತು ನೀರುನಾಯಿ.

ಹಕ್ಕಿ ಹಿಂದಿರುಗುವಷ್ಟರಲ್ಲಿ ಭರತ ಏರಿ ದೋಣಿ ಮತ್ತೆ ತೇಲುತ್ತಿತ್ತು. ತಾನು ತಪ್ಪಿದ್ದೆಲ್ಲಿ ಎಂಬುದು ಅದಕ್ಕೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನೀರು ಏರುತ್ತಾ, ದೋಣಿಯ ಅರ್ಧ ಮರಳಿನಲ್ಲೂ ಅರ್ಧ ನೀರಿನಲ್ಲೂ ಇದ್ದ ಹೊತ್ತಿಗೆ ಹಕ್ಕಿ ಇಬ್ಬರನ್ನೂ ಬೇಡಿ ಕರೆತಂದಿತು.

ಏಡಿ ಸುತ್ತ ನೋಡಿ, "ಅರ್ಜಿ ಸರಿಯಾಗಿದೆ. ನನ್ನ ಅರ್ಧವನ್ನು ಬಿಟ್ಟಿದ್ದೇನೆ" ಎಂದಿತು.

"ನನ್ನ ಅರ್ಧ ವಿಚಾರಣೆಯಲ್ಲಿರುತ್ತದೆ" ಎಂದಿತು ನೀರುನಾಯಿ.

"ಅರ್ಧ ದೋಣಿಯನ್ನು ಹೇಗೆ ನಡೆಸಲಿ, ಸ್ವಾಮಿ?"

"ಇಷ್ಟು ದೂರ ಬಂದವರಿಗೆ ಅದನ್ನೂ ನಾವೇ ಕಲಿಸಬೇಕೇ?" ಎಂದಿತು ಏಡಿ.

ವಂದಿಸಬೇಕೋ ಅಳಬೇಕೋ ತಿಳಿಯದೆ ಹಕ್ಕಿ ಬಿಡುಗಡೆಯಾದ ಅರ್ಧವನ್ನು ಹತ್ತಿ ಕುಳಿತಿತು. ತಲೆಯ ಮೇಲೆ ಗುಂಪು ಒಂದು ಸುತ್ತು ಹಾರಿ, ಕೂಗಿ ಕರೆದು, ಸ್ವದೇಶದತ್ತ ಉತ್ತರಕ್ಕೆ ತಿರುಗಿತು. ಅಷ್ಟರಲ್ಲಿ ನೀರು ಇನ್ನೊಂದು ಗೇಣು ಏರಿ ದೋಣಿ ಪೂರ್ತಿ ತೇಲಿತು.

"ಈಗ ಆ ಅರ್ಧವೂ ನನ್ನ ವ್ಯಾಪ್ತಿಗೆ ಬಂತು" ಎಂದಿತು ನೀರುನಾಯಿ. "ಇಳಿಯಿರಿ."