ಚೆಲುವಿಯ ಹಿಮ್ಮಡಿ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿ ಚೆಲುವಿ ಎಂಬ ಹೆಣ್ಣು ಕುದುರೆ. ಆಚೆಯ ಹಳ್ಳಿಗಳ ರೋಗಿಗಳಿಗೆ ಔಷಧ ಹೊತ್ತೊಯ್ಯುವುದು ಚೆಲುವಿಯ ಕೆಲಸ, ಅದನ್ನು ನಡೆಸಿಕೊಂಡು ಹೋಗುವುದು ಶಿಷ್ಯ ಅಡಿವೆಯ್ಯನ ಕೆಲಸ.

ಒಂದು ಬೇಸಗೆಯಲ್ಲಿ ಚೆಲುವಿ ಕಲ್ಲುದಾರಿಯಲ್ಲಿ ಎಡವತೊಡಗಿತು. ಮುಂಗಾಲಿನ ಹಿಮ್ಮಡಿ ಊರದೆ ಗೊರಸಿನ ತುದಿಯಲ್ಲೇ ಹೆಜ್ಜೆ ಹಾಕುತ್ತಿತ್ತು. ಅಡಿವೆಯ್ಯ ಅದನ್ನು ಮೈಗಳ್ಳತನ ಎಂದುಕೊಂಡ. ಗದರಿಸಿಕೊಂಡೇ ಊರು ಮುಟ್ಟಿಸಿದ.

ಲಾಳ ಕಟ್ಟುವ ಮೀರಾಸಾಬರು ಬಂದು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ನೋಡಿದರು. ಗೊರಸಿನೊಳಗೆ, ಹಿಮ್ಮಡಿಯ ಹತ್ತಿರ, ಸಣ್ಣ ಎಲುಬೊಂದು ಸವೆಯುತ್ತಿದೆ ಎಂದರು. ಪೂರ್ತಿ ವಾಸಿಯಾಗುವ ಬೇನೆಯಲ್ಲ ಎಂದೂ ಹೇಳಿದರು.

ತಾನು ಗದರಿಸಿದ್ದಕ್ಕೆ ಅಡಿವೆಯ್ಯ ನೊಂದುಕೊಂಡ. ಅಂದಿನಿಂದ ಅವನು ಚೆಲುವಿಯನ್ನು ಲಾಯದಿಂದ ಹೊರಗೆ ಬಿಡಲಿಲ್ಲ. ಔಷಧದ ಗಂಟನ್ನು ತಾನೇ ತಲೆಯ ಮೇಲೆ ಹೊತ್ತ. ಹೊಳೆಯಂಚಿನ ಎಳೆ ಹುಲ್ಲು ಕೊಯ್ದು ತಂದು ಬಾಯಿಗೆ ಹಿಡಿದ.

ಚೆಲುವಿ ಹುಲ್ಲು ಮುಟ್ಟಲಿಲ್ಲ. ನಿಂತು ನಿಂತು ಕಾಲುಗಳು ಇನ್ನಷ್ಟು ಬಿಗಿದುಕೊಂಡವು. ಅವನು ಗಂಟು ಹೊತ್ತು ಹೊರಟಾಗಲೆಲ್ಲ ಬಾಗಿಲತ್ತ ಕತ್ತು ಚಾಚಿ ಕೆನೆಯುತ್ತಿತ್ತು.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಒಂದು ಮುಂಜಾನೆ ಅವರು ಲಾಯಕ್ಕೆ ಬಂದರು.

“ಆಕಿನ್ನ ಯಾಕ ಕಟ್ಟಿಹಾಕೀಯೋ?”

“ನಡೆದರ ನೋವಾಗತೈತ್ರಿ, ಅಜ್ಜಾರ.”

“ಯಾರಿಗೆ?”

ಚೆಲುವಿ ಕುಂಟುವುದನ್ನು ತನಗೆ ನೋಡಲಾಗದೆಯೇ ಬಾಗಿಲು ಹಾಕಿದ್ದು ಎಂದು ಅಡಿವೆಯ್ಯನಿಗೆ ಆಗ ಹೊಳೆಯಿತು. ತಲೆ ತಗ್ಗಿಸಿದ.

ಅಜ್ಜಾರು ಬೈಯಲಿಲ್ಲ. ಮೀರಾಸಾಬರನ್ನು ಮತ್ತೆ ಕರೆಸಿದರು. ಸಾಬರು ಉದ್ದ ಬೆಳೆದಿದ್ದ ಗೊರಸಿನ ತುದಿಯನ್ನು ಕತ್ತರಿಸಿ, ಹಿಮ್ಮಡಿ ತುಸು ಎತ್ತರಕ್ಕೆ ನಿಲ್ಲುವಂತೆ ಹೊಸ ಲಾಳ ಬಡಿದರು. ಅಜ್ಜಾರು ಗಂಟನ್ನು ಬಿಚ್ಚಿ ಎರಡು ಮಾಡಿದರು. ಒಂದನ್ನು ಚೆಲುವಿಯ ಬೆನ್ನಿಗಿಟ್ಟು, ಇನ್ನೊಂದನ್ನು ಅಡಿವೆಯ್ಯನ ಹೆಗಲಿಗೇರಿಸಿದರು. ಕಲ್ಲುದಾರಿ ಬಿಟ್ಟು ಹೊಳೆದಂಡೆಯ ಮೆತ್ತನೆಯ ಹಾದಿ ಹಿಡಿಯಲು ಹೇಳಿದರು.

ಮೊದಮೊದಲು ಚೆಲುವಿ ಕುಂಟಿತು. ಅಡಿವೆಯ್ಯನ ಕಣ್ಣು ತುಂಬಿತು, ಆದರೆ ಅವನು ಮುಖ ತಿರುಗಿಸಲಿಲ್ಲ. ಮೈ ಬಿಸಿಯಾದಂತೆ ಹೆಜ್ಜೆ ಸಡಿಲಾಯಿತು, ಕಿವಿಗಳು ನೆಟ್ಟಗಾದವು. ಆಚೆಯ ಊರಿನ ಮುದುಕಿಯೊಬ್ಬಳು ಬಾಗಿಲಿಗೆ ಬಂದು, ಔಷಧ ತಕ್ಕೊಳ್ಳುವುದಕ್ಕೂ ಮೊದಲು ಚೆಲುವಿಯ ಮೂತಿ ಸವರಿದಳು.

ಹೀಗೆ ಮಳೆಗಾಲ ಕಳೆಯಿತು. ಕೆಲವು ದಿನ ಚೆಲುವಿ ಚೆನ್ನಾಗಿ ನಡೆಯಿತು. ಕೆಲವು ದಿನ ಅರ್ಧ ದಾರಿಯಲ್ಲೇ ನಿಂತಿತು. ಆಗ ಅಡಿವೆಯ್ಯ ಅದರ ಹೊರೆಯನ್ನೂ ತಾನೇ ಹೊತ್ತು, ಅದನ್ನು ಮೆಲ್ಲಗೆ ಮಠಕ್ಕೆ ಕರೆತಂದ.

ಒಂದು ಸಂಜೆ ಅವನು ಅಜ್ಜಾರನ್ನು ಕೇಳಿದ: “ಆಕಿ ಪೂರ್ತಿ ಆರಾಮ ಆಗತಾಳೇನ್ರಿ?”

“ಇಲ್ಲೋ ತಮ್ಮಾ.”

“ಹಂಗಾರ ದಿನಾ ಎಷ್ಟು ನಡೆಸಬೇಕು, ಎಲ್ಲಿ ನಿಲ್ಲಿಸಬೇಕು, ನನಗ ಹೆಂಗ ತಿಳೀಬೇಕ್ರಿ?”

ಅಜ್ಜಾರು ಅವನ ಕೈ ಹಿಡಿದು ಕುದುರೆಯ ಭುಜದ ಮೇಲಿಟ್ಟರು.

“ಮುಂದೂ ಬ್ಯಾಡ, ಹಿಂದೂ ಬ್ಯಾಡ. ಮಗ್ಗಲದಾಗ ನಡಿ. ಆಕಿ ಹೇಳತಾಳ.”