ಜಯಶೀಲನ್ ಕಾರ್ಡಿಗೆ ರುದ್ರೇಶಿ ತಂದ ಬೆಲೆ

ಭದ್ರಾವತಿಯಲ್ಲಿ ಇಡ್ಲಿ ಮಾರೋ ಹಾಲಮ್ಮನಿಗೆ ಒಬ್ಬನೇ ಮಗ, ರುದ್ರೇಶಿ. ವಯಸ್ಸು ಇಪ್ಪತ್ತೆಂಟು. ಹೇಳಿದ ಮಾತು ಮೀರಿದವನಲ್ಲ. ಹೇಳಿದ್ದನ್ನು ಹೇಳಿದಂಗೇ ಮಾಡೋನು. ಹಾಲಮ್ಮ ಅಳ್ತಿದ್ದದ್ದೂ ಅದಕ್ಕೇ.

ಒಂದಿನ ಅವಳ ಗ್ರೈಂಡರ್ ಕೆಟ್ಟು ಕೂತಿತು. ಹೊಸದು ತರೋಕೆ ದಾರಿ ಕಾಣದೆ ಸತ್ತ ಗಂಡನ ಟ್ರಂಕು ತೆಗೆದಳು. ಒಳಗೆ ಆರು ಕಾರ್ಡು. ಹಿಂದೊಂದು ಕಾಲಕ್ಕೆ ಬಬಲ್‌ಗಮ್ ಪೊಟ್ಟಣದಲ್ಲಿ ಆಟಗಾರರ ಚಿತ್ರದ ಕಾರ್ಡು ಬರ್ತಿದ್ವು. ಅದೇ ಊರಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಜಯಶೀಲನ್ ಕಾರ್ಡಿಗಾಗಿ ಅವಳ ಗಂಡ ಹಲ್ಲು ಹುಳುಕಾಗೋವರೆಗೂ ಗಮ್ ಅಗಿದು ಈ ಆರನ್ನೂ ಕೂಡಿಸಿದ್ದ. ಈಗ ಅಂಥವನ್ನು ಶಿವಮೊಗ್ಗದಲ್ಲಿ ಹಳೇ ನಾಣ್ಯದ ಅಂಗಡಿ ಇನಾಯತ್ ಸಾಹೇಬ್ರು ಕೊಳ್ತಾರೆ ಅಂತ ಯಾರೋ ಹೇಳಿದ್ರು.

ಹಾಲಮ್ಮ ಮಗನ ಕೈಗೆ ಒಂದು ಕಾರ್ಡು ಕೊಟ್ಟು, ಬಸ್ಸಲ್ಲಿ ಕಳ್ಳರಿರ್ತಾರೆ, ಮುಷ್ಟಿಯಲ್ಲಿ ಬಿಗಿಯಾಗಿ ಹಿಡ್ಕೊಂಡು ಹೋಗು ಅಂದಳು. ಹಿಡ್ಕೊಂಡೇ ಹೋದ. ಅಂಗಡಿಯಲ್ಲಿ ಮುಷ್ಟಿ ಬಿಚ್ಚಿದ್ರೆ ಜಯಶೀಲನ್ ನೆಲ್ಲಿಕಾಯಿ ಗಾತ್ರ ಆಗಿದ್ದ. ಕಾರ್ಡು ಮುದುಡಬಾರದು, ನಾಲ್ಕು ಮೂಲೆಯೂ ಚೂಪಾಗಿರಬೇಕು, ಆಗಲೇ ಬೆಲೆ ಅಂದ್ರು ಸಾಹೇಬ್ರು. ಹಾಲಮ್ಮ ಬೈದು, ಅವರು ಹೇಳಿದ್ದು ತಲೇಲಿ ಇಟ್ಕೊ ಅಂದಳು.

ಇಟ್ಕೊಂಡ. ಮಾರನೇ ದಿನ ಕತ್ತರಿ ಹಿಡಿದು ಕೂತು ಎರಡನೇ ಕಾರ್ಡಿನ ನಾಲ್ಕೂ ಮೂಲೆ ಸೂಜಿ ಥರ ಮಾಡಿದ. ಚೆಂಡು ಹೋಯ್ತು, ಕಾಲು ಹೋಯ್ತು, ಮಧ್ಯೆ ಜಯಶೀಲನ್ ಮೂಗು ಉಳೀತು. ಮುಟ್ಟಿ ನೋಡಿದ ಸಾಹೇಬ್ರ ಬೆರಳಿಗೆ ಚುಚ್ಚಿತು. ಅವರು ಬೆರಳು ಚೀಪ್ತಾ, ಇಂಥ ಕಾರ್ಡು ಈಗ ಎಲ್ಲೂ ಹೆಚ್ಚು ಸಿಗಲ್ಲ, ಒಂದೇ ಒಂದು ಉಳಿದಿದ್ರೆ ಅದಕ್ಕೆ ಚಿನ್ನದ ಬೆಲೆ ಅಂದ್ರು.

ರುದ್ರೇಶಿ ಮನೆಗೆ ಬಂದು ಲೆಕ್ಕ ಹಾಕಿದ. ನಾಲ್ಕಿವೆ. ಮೂರನ್ನು ಒಲೆಗೆ ಹಾಕಿದ. ಹಾಲಮ್ಮ ಇಡ್ಲಿ ಪಾತ್ರೆ ಇಳಿಸೋಕೆ ಬಂದವಳು ಬೂದಿ ನೋಡಿ ಅಲ್ಲೇ ಕೂತುಬಿಟ್ಟಳು.

ಉಳಿದ ಒಂದನ್ನು ನೋಡಿ ಸಾಹೇಬ್ರು ಖುಷಿಪಟ್ರು. ಇದು ಚೆನ್ನಾಗಿದೆ, ಜಯಶೀಲನ್ ಕೈಯಲ್ಲಿ ಸಹಿ ಹಾಕಿಸ್ಕೊಂಡು ಬಾ, ಸಹಿ ಆದಮೇಲೆ ಗಾಳಿ ಆಡದಂಗೆ ಪ್ಲಾಸ್ಟಿಕ್ ಕವರಿನೊಳಗೆ ಹಾಕು ಅಂದ್ರು. ಹಾಲಮ್ಮ ಈ ಸಲ ತನ್ನದೂ ಒಂದು ಮಾತು ಸೇರಿಸಿದಳು.

“ನೋಡಪ್ಪ, ವ್ಯಾಪಾರದೋರು ಕಮ್ಮಿ ಹೇಳ್ತಾರೆ. ಅವರು ಹೇಳಿದ ಬೆಲೆಗೆ ಮಾತ್ರ ಕೊಡಬೇಡ.”

ಜಯಶೀಲನ್‌ಗೆ ಈಗ ಎಪ್ಪತ್ತು ವರ್ಷ, ಮಂಡಿನೋವು. ಇಪ್ಪತ್ತು ವರ್ಷದಿಂದ ಅವರ ಸಹಿ ಕೇಳಿದೋರಿಲ್ಲ. ರುದ್ರೇಶಿ ಅವರ ಮನೆಗೇ ಹೋಗಿ ಸಹಿ ಬೇಕು ಅಂದಾಗ ಕಣ್ಣಲ್ಲಿ ನೀರು ತಂದ್ಕೊಂಡು, ಎಲ್ಲಿ ಹಾಕಲಪ್ಪ ಅಂತ ಕೇಳಿದ್ರು.

“ನಿಮ್ಮ ಕೈಯಲ್ಲಿ ಸಾರ್,” ಅಂದ ರುದ್ರೇಶಿ.

ಮುದುಕರು ಸ್ವಲ್ಪ ಯೋಚಿಸಿ ತಮ್ಮ ಎಡ ಅಂಗೈ ಮೇಲೇ ಸಹಿ ಹಾಕ್ಕೊಂಡ್ರು. ಇವನು ಆ ಕೈಗೆ ಮೊಣಕೈವರೆಗೂ ಪ್ಲಾಸ್ಟಿಕ್ ಕವರು ತೊಡಿಸಿ, ಗಾಳಿ ಆಡದಂಗೆ ದಾರ ಕಟ್ಟಿ, ಬನ್ನಿ ಸಾರ್ ಅಂದ. ಅಭಿಮಾನಿ ಕರೆದಾಗ ಇಲ್ಲ ಅನ್ನೋದು ಹೇಗೆ? ಕೈ ಎತ್ತಿ ಹಿಡ್ಕೊಂಡೇ ಬಸ್ಸು ಹತ್ತಿದ್ರು.

ಸಾಹೇಬ್ರು ಅವರನ್ನು ಕಂಡವರೇ ಎದ್ದು ನಿಂತು ಕುರ್ಚಿ ಕೊಟ್ರು. ಆಮೇಲೆ ಕವರು ನೋಡಿ, ಸಹಿ ಕಾರ್ಡಿನ ಮೇಲೆ ಬೇಕಿತ್ತು ಕಣಯ್ಯಾ ಅಂದ್ರು. ಜಯಶೀಲನ್ ನಗ್ತಾ ಬಲಗೈಯಲ್ಲಿ ಕಾರ್ಡಿಗೂ ಸಹಿ ಹಾಕಿದ್ರು. ಸಾಹೇಬ್ರು ಎರಡು ಗ್ರೈಂಡರ್ ಬರೋವಷ್ಟು ಬೆಲೆ ಹೇಳಿದ್ರು. ರುದ್ರೇಶಿ ಕೊಡಲ್ಲ ಅಂದ. ಮೂರು ಗ್ರೈಂಡರಿನಷ್ಟು ಹೇಳಿದ್ರು. ಕೊಡಲ್ಲ. ನಾಲ್ಕರಷ್ಟು. ಕೊಡಲ್ಲ. ಸಿಟ್ಟಿಗೆದ್ದು ಅರ್ಧ ಗ್ರೈಂಡರಿನಷ್ಟಕ್ಕೆ ಇಳಿದ್ರು. ಆಗಲೂ ಕೊಡಲ್ಲ.

ಸಂಜೆ ರುದ್ರೇಶಿ ಬರಿಗೈಯಲ್ಲಿ ಮನೆಗೆ ಬಂದ. ಮುಖ ಅರಳಿತ್ತು.

“ಸಾಹೇಬ್ರು ನಾಲ್ಕು ಬೆಲೆ ಹೇಳಿದ್ರವ್ವ. ಒಂದಕ್ಕೂ ಕೊಡಲಿಲ್ಲ.”

ಹಾಲಮ್ಮನಿಗೆ ಹಿಗ್ಗು ಬಂತು. ಜನ್ಮದಲ್ಲಿ ಮೊದಲ ಸಲ ಮಗನ ತಲೆ ಸವರಿದಳು. “ಜಾಣ ಕಣೋ ನೀನು. ಮತ್ತೆ ಕಾರ್ಡು ಯಾರಿಗೆ ಕೊಟ್ಟೆ?”

“ಅಲ್ಲಿ ಬೆಲೆ ಹೇಳದೇ ಇದ್ದೋರು ಜಯಶೀಲನ್ ಸಾರ್ ಒಬ್ಬರೇ. ಅವರಿಗೆ ಕೊಟ್ಟೆ.”