ಆರಿದ ಸಿಗ್ನಲ್ ಮತ್ತು ಬಾಣಂತಿ ನಾಯಿ

ವೃತ್ತದಲ್ಲಿ ವಾಹನಗಳು ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತವೆಂದು ರಸ್ತೆಯನ್ನು ಒನ್ ವೇ ಮಾಡಿ, ಸಿಗ್ನಲ್ ಕಂಬದ ದೀಪಗಳನ್ನು ಆರಿಸಿದರು. ವಾಹನಗಳು ನಿಲ್ಲದೆ ಹರಿಯತೊಡಗಿದವು. ಕಂಬವನ್ನು ಕಿತ್ತೊಯ್ಯುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಒಂದು ಸಂಜೆ ಬಾಣಂತಿ ನಾಯಿಯೊಂದು ಕಂಬದ ಬುಡಕ್ಕೆ ಬಂದು ಕೂತಿತು.

"ಮುಕ್ಕಣ್ಣ, ನಿನ್ನ ಮೇಲಿನ ಕಣ್ಣು ತೆರೆ. ನಸುಕಿನಲ್ಲಿ ರಸ್ತೆ ಖಾಲಿಯಿತ್ತು, ಅನ್ನ ಹುಡುಕಿಕೊಂಡು ಈಚೆ ಬಂದೆ. ಮರಿಗಳು ಆಚೆ ಉಳಿದಿವೆ. ಈಗ ದಾಟಲಾಗುತ್ತಿಲ್ಲ" ಎಂದಿತು.

ಕಂಬ ಹೇಳಿತು: "ಕೆಂಪು ಹತ್ತಿದಾಗಲೆಲ್ಲ ನನಗೆ ಶಾಪ ಹಾಕಿದವರೇ ಎಲ್ಲ. ಕೆಂಪು ಬೇಕೆಂದು ಕೇಳಿದವಳು ನೀನೊಬ್ಬಳೇ. ಆದರೇನು ಮಾಡಲಿ ತಾಯಿ, ನನ್ನೊಳಗೆ ಕರೆಂಟಿಲ್ಲ."

ನಾಯಿ ಏಳಲಿಲ್ಲ. ಅದಕ್ಕೆ ಬೇರೆ ದಿಕ್ಕಿರಲಿಲ್ಲ.

ಅಷ್ಟರಲ್ಲಿ ಇಳಿಬಿಸಿಲು ಕಂಬದ ಕೆಂಪು ಗಾಜಿಗೆ ನೇರವಾಗಿ ಬಿತ್ತು. ಗಾಜು ದೀಪ ಹತ್ತಿದಂತೆಯೇ ಹೊಳೆಯಿತು. ಆಟೋ ಓಡಿಸುತ್ತಿದ್ದ ಮುದುಕ ಮುನಿಶಾಮಿ ಹಳೆಯ ಅಭ್ಯಾಸಬಲದಿಂದ ಗಕ್ಕನೆ ಬ್ರೇಕ್ ಹಾಕಿದ. ಅಕ್ಕಪಕ್ಕದವರೂ ಹಿಂದಿನವರೂ ನಿಂತರು. ನಾಯಿ ಒಂದೇ ಓಟಕ್ಕೆ ದಾಟಿ ಹೋಯಿತು, ತಿರುಗಿ ನೋಡಲಿಲ್ಲ.

"ಏನ್ ಯಜಮಾನ್ರೇ, ಕೆಟ್ಟೋಗಿರೋ ಸಿಗ್ನಲ್‌ಗೆ ನಿಲ್ತೀರಾ?" ಎಂದು ಬೈಕಿನವನೊಬ್ಬ ಕೂಗಿದ.

ಮುನಿಶಾಮಿಗೆ ಅವಮಾನವಾಯಿತು. "ಹಾಳಾದ್ದು, ಇದನ್ನ ಇನ್ನೂ ಯಾಕೆ ನಿಲ್ಸಿದಾರೋ!" ಎಂದು ಕಂಬವನ್ನು ಬೈದು ಆಟೋ ಮುಂದೆ ಬಿಟ್ಟ.

ಬಿಸಿಲು ಜಾರಿತು. ತನ್ನ ಮುಖ ನೋಡಿ ಯಾರಾದರೂ ಬೈದು ಎಷ್ಟು ಕಾಲವಾಗಿತ್ತೆಂದು ನೆನೆಯುತ್ತ ಕಂಬ ನಿಂತೇ ಇತ್ತು.